ಐದು ವಿಕೆಟ್‌ಗಳ ತೂಕ ಒಂದೇ ಅಲ್ಲ: ಮಹಿಳಾ ಕ್ರಿಕೆಟ್‌ಗೆ ಅಂಕಪಟ್ಟಿ ಕಟ್ಟಿದ ಬಗೆ

ವಿಜಯಪುರದಲ್ಲಿ ಹೆಣ್ಣುಮಕ್ಕಳ ಕ್ರಿಕೆಟ್ ಬಗ್ಗೆ ಮಾತು ಬಂದರೆ ಅದು ರಾಜೇಶ್ವರಿ ಗಾಯಕವಾಡ ಅವರ ಹೆಸರಿಗೆ ಬಂದು ನಿಲ್ಲುತ್ತದೆ. 2017ರ ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ವಿಶ್ವಕಪ್ ಪಂದ್ಯ. ಗೆದ್ದವರಿಗೆ ಸೆಮಿಫೈನಲ್, ಸೋತವರಿಗೆ ಊರಿನ ದಾರಿ. ಆ ಟೂರ್ನಿಯಲ್ಲಿ ಅಲ್ಲಿಯವರೆಗೆ ಆಡುವ ಅವಕಾಶವೇ ಸಿಗದಿದ್ದ ನಮ್ಮೂರಿನ ಎಡಗೈ ಸ್ಪಿನ್ನರ್ 7.3 ಓವರ್‌ಗಳಲ್ಲಿ 15 ರನ್ ಕೊಟ್ಟು 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಪಂದ್ಯಶ್ರೇಷ್ಠ ಪ್ರಶಸ್ತಿ ಮಾತ್ರ 109 ರನ್ ಹೊಡೆದ ನಾಯಕಿ ಮಿಥಾಲಿ ರಾಜ್ ಅವರಿಗೆ ಹೋಯಿತು. ಅದು ಸರಿಯೇ ತಪ್ಪೇ ಎಂಬ ವಾದ ನಮ್ಮ ಮೈದಾನದ ಕಟ್ಟೆಯ ಮೇಲೆ ಇವತ್ತಿಗೂ ನಡೆಯುತ್ತದೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಸಂಜೆ ಹುಡುಗಿಯರ ಅಭ್ಯಾಸ ಪಂದ್ಯಗಳ ಲೆಕ್ಕ ನೋಡಿಕೊಳ್ಳುತ್ತೇನೆ. ವಾದವನ್ನು ಲೆಕ್ಕಕ್ಕೆ ಇಳಿಸಬೇಕು ಎಂದು ಹೊರಟಾಗ ಹುಟ್ಟಿದ್ದು ಈ ಅಂಕಪಟ್ಟಿ. ಕಟ್ಟಿದ ಕ್ರಮದಲ್ಲಿಯೇ ಬರೆದಿದ್ದೇನೆ. ಬೇಕಾದವರು ತಮ್ಮ ಊರಿನಲ್ಲಿಯೂ ಕಟ್ಟಿಕೊಳ್ಳಬಹುದು.

ಮೊದಲು ಕಾಗದದ ಮೇಲೆ

ಕಂಪ್ಯೂಟರ್ ಮುಟ್ಟುವ ಮೊದಲು ಡರ್ಬಿಯ ಪಂದ್ಯವನ್ನು ಕೈಲೆಕ್ಕದಲ್ಲಿ ಬಿಡಿಸಿದೆ. ಭಾರತ 50 ಓವರ್‌ಗಳಲ್ಲಿ 265, ನ್ಯೂಜಿಲೆಂಡ್ 25.3 ಓವರ್‌ಗಳಲ್ಲಿ 79. ಒಟ್ಟು 453 ಎಸೆತ, 344 ರನ್. ಒಬ್ಬ ಆಟಗಾರ್ತಿಯನ್ನು ಅಳೆಯುವಾಗ ಆಕೆಯ ಪಾಲನ್ನು ಕಳೆದು ಉಳಿದ ಪಂದ್ಯದ ಸರಾಸರಿಯೊಂದಿಗೆ ಹೋಲಿಸಬೇಕು. ಇಲ್ಲದಿದ್ದರೆ ಆಕೆಯನ್ನು ಆಕೆಯೊಂದಿಗೇ ಹೋಲಿಸಿದಂತಾಗುತ್ತದೆ.

ರಾಜೇಶ್ವರಿ 45 ಎಸೆತ ಹಾಕಿ 15 ರನ್ ಕೊಟ್ಟರು. ಅದನ್ನು ಕಳೆದರೆ ಉಳಿಯುವುದು 408 ಎಸೆತ, 329 ರನ್. ಆ ವೇಗದಲ್ಲಿ 45 ಎಸೆತಕ್ಕೆ ಸುಮಾರು 36 ರನ್ ಆಗಬೇಕಿತ್ತು. ಅಂದರೆ ವಿಕೆಟ್‌ಗಳನ್ನು ಲೆಕ್ಕಕ್ಕೆ ಹಿಡಿಯದೆಯೇ 21 ರನ್ ಉಳಿಸಿದರು. ಮಿಥಾಲಿ 123 ಎಸೆತಗಳಲ್ಲಿ 109. ಅವರ ಪಾಲು ಕಳೆದ ಮೇಲೆ 330 ಎಸೆತಕ್ಕೆ 235 ರನ್. ಆ ವೇಗದಲ್ಲಿ 123 ಎಸೆತಕ್ಕೆ 88. ಅವರ ಹೆಚ್ಚುವರಿಯೂ 21! ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70. ಅದೇ ರೀತಿ ಬಿಡಿಸಿದರೆ ಅವರು ಸುಮಾರು 40 ರನ್ ಹೆಚ್ಚು ತಂದಿದ್ದಾರೆ. ಕಡೂರಿನ ಹುಡುಗಿ ಇಬ್ಬರನ್ನೂ ಹಿಂದೆ ಹಾಕಿದಳು.

ಈ ಫಲಿತಾಂಶವನ್ನು ಕಟ್ಟೆಯ ಮೇಲೆ ಇಟ್ಟರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆರಂಭಿಕರಿಬ್ಬರೂ ಬೇಗ ಔಟಾದ ಮೇಲೆ ಮಿಥಾಲಿ ಒಂದು ತುದಿ ಹಿಡಿದು ನಿಂತದ್ದರಿಂದಲೇ ವೇದಾ ಕೊನೆಯಲ್ಲಿ ಬಂದು ನಿರ್ಭಯವಾಗಿ ಬೀಸಲು ಸಾಧ್ಯವಾಯಿತು. ಇನ್ನು ರಾಜೇಶ್ವರಿಯವರ ಐದು ವಿಕೆಟ್‌ಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ಪ್ರತಿ ವಿಕೆಟ್‌ಗೆ 20 ಅಂಕ ಎಂದು ಕಣ್ಣುಮುಚ್ಚಿ ಸೇರಿಸುವುದು ಸುಲಭ. ಮೊಬೈಲ್‌ನ ಫ್ಯಾಂಟಸಿ ಆಟಗಳು ಮಾಡುವುದು ಬಹುಮಟ್ಟಿಗೆ ಅದನ್ನೇ. ಆದರೆ ಹತ್ತನೆಯ ಕ್ರಮಾಂಕದವಳ ವಿಕೆಟ್‌ಗೂ ನೆಲೆ ನಿಂತ ಆರಂಭಿಕಳ ವಿಕೆಟ್‌ಗೂ ಒಂದೇ ಬೆಲೆ ಕಟ್ಟುವ ಪಟ್ಟಿ ನನಗೆ ಬೇಡ. ಒಂದು ಎಸೆತದ ಬೆಲೆ ಆ ಎಸೆತ ಪಂದ್ಯವನ್ನು ಎಲ್ಲಿಂದ ಎಲ್ಲಿಗೆ ಒಯ್ದಿತು ಎಂಬುದರ ಮೇಲೆ ನಿಲ್ಲಬೇಕು.

ದತ್ತಾಂಶ

ಎಸೆತದಿಂದ ಎಸೆತಕ್ಕೆ ಏನಾಯಿತು ಎಂಬ ವಿವರ ಕ್ರಿಕ್‌ಶೀಟ್ ಎಂಬ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮಹಿಳೆಯರ ಏಕದಿನ, ಟಿ20, ಡಬ್ಲ್ಯುಪಿಎಲ್ (ಮಹಿಳಾ ಪ್ರೀಮಿಯರ್ ಲೀಗ್) ಎಲ್ಲವೂ ಜೇಸನ್ ಎಂಬ ಪಠ್ಯ ಮಾದರಿಯ ಕಡತಗಳಾಗಿ ಇವೆ, ಒಂದು ಪಂದ್ಯಕ್ಕೆ ಒಂದು ಕಡತ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಓದಿ ಒಂದು ಎಸೆತಕ್ಕೆ ಒಂದು ಸಾಲಿನಂತೆ ದೊಡ್ಡ ಕೋಷ್ಟಕ ಮಾಡಿಕೊಂಡೆ. ಓದುವಾಗ ಎಚ್ಚರ ವಹಿಸಬೇಕಾದ ಕೆಲವು ಸಂಗತಿಗಳಿವೆ. ಕಡತದಲ್ಲಿ ಓವರ್ ಸಂಖ್ಯೆ ಸೊನ್ನೆಯಿಂದ ಆರಂಭವಾಗುತ್ತದೆ. ವೈಡ್ ಮತ್ತು ನೋಬಾಲ್‌ಗಳೂ ಸಾಲಿನಲ್ಲಿ ಇರುವುದರಿಂದ ಒಂದು ಓವರ್‌ನಲ್ಲಿ ಏಳೆಂಟು ನಮೂದು ಇರಬಹುದು. ಉಳಿದ ಎಸೆತಗಳನ್ನು ಎಣಿಸುವಾಗ ಅವನ್ನು ಬಿಡಬೇಕು. ಬೈ ಮತ್ತು ಲೆಗ್‌ಬೈ ರನ್‌ಗಳನ್ನು ಬೌಲರ್ ಖಾತೆಗೆ ಹಾಕಬಾರದು. ರನೌಟ್‌ನಲ್ಲಿ ಔಟಾದವಳು ಎಸೆತ ಎದುರಿಸಿದವಳೇ ಆಗಿರಬೇಕೆಂದಿಲ್ಲ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಆರ್‌ಸಿಬಿ ಮತ್ತು ಯುಪಿ ವಾರಿಯರ್ಸ್ ನಡುವೆ ನಡೆದಂತಹ, ಸಮನಾದ ಪಂದ್ಯವನ್ನು ತೀರ್ಮಾನಿಸುವ ಸೂಪರ್ ಓವರ್‌ಗಳನ್ನು ಬೇರೆ ತೆಗೆದಿಡಬೇಕು, ಇಲ್ಲದಿದ್ದರೆ ಆರೇ ಎಸೆತದ ಇನಿಂಗ್ಸ್ ಸರಾಸರಿಯನ್ನು ಎಳೆದಾಡುತ್ತದೆ.

ಮಹಿಳಾ ಕ್ರಿಕೆಟ್‌ನಲ್ಲಿ ಹೆಸರಿನ ಸಮಸ್ಯೆಯೊಂದು ವಿಶೇಷವಾಗಿ ಎದುರಾಗುತ್ತದೆ. ಇಂಗ್ಲೆಂಡಿನ ನ್ಯಾಟ್ ಸಿವರ್ ಮದುವೆಯ ನಂತರ ನ್ಯಾಟ್ ಸಿವರ್-ಬ್ರಂಟ್ ಆದರು. ಅವರ ಸಂಗಾತಿ ಕ್ಯಾಥರಿನ್ ಬ್ರಂಟ್ ಕ್ಯಾಥರಿನ್ ಸಿವರ್-ಬ್ರಂಟ್ ಆದರು. ಹೆಸರನ್ನೇ ನಂಬಿ ಹಳೆಯ, ಹೊಸ ಪಟ್ಟಿಗಳನ್ನು ಜೋಡಿಸಿದರೆ ಒಬ್ಬರೇ ಇಬ್ಬರಾಗುತ್ತಾರೆ. ಕಡತದೊಳಗೆ ಪ್ರತಿ ಆಟಗಾರ್ತಿಗೂ ಒಂದು ಸ್ಥಿರ ಗುರುತಿನ ಸಂಖ್ಯೆ ಇದೆ. ಎಲ್ಲ ಜೋಡಣೆಯನ್ನೂ ಅದರ ಮೇಲೆ ಮಾಡಿದೆ.

ಪ್ರತಿ ಕಡತದಲ್ಲಿ ಲಿಂಗದ ನಮೂದು ಇರುತ್ತದೆ. ಮಹಿಳೆಯರ ಪಂದ್ಯಗಳನ್ನು ಮಾತ್ರ ಉಳಿಸಿಕೊಂಡೆ. ಪಂದ್ಯಗಳ ಸಂಖ್ಯೆ ಕಡಿಮೆ ಎಂದು ಪುರುಷರ ದತ್ತಾಂಶವನ್ನೂ ಬೆರೆಸಿಕೊಳ್ಳಿ ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಮಹಿಳೆಯರ ಚೆಂಡು 140ರಿಂದ 151 ಗ್ರಾಂ. ಪುರುಷರದ್ದು 156ರಿಂದ 163. ಬೌಂಡರಿ ಗೆರೆ ಹತ್ತಿರ. ಸ್ಪಿನ್ನರ್‌ಗಳ ಪಾಲು ದೊಡ್ಡದು. ಪುರುಷರ ಸರಾಸರಿಯನ್ನು ಅಳತೆಗೋಲಾಗಿ ಇಟ್ಟರೆ ಎಲ್ಲ ಬೌಲರ್‌ಗಳೂ ಚಿನ್ನವಾಗಿ, ಎಲ್ಲ ಬ್ಯಾಟರ್‌ಗಳೂ ಸಾಧಾರಣರಾಗಿ ಕಾಣುತ್ತಾರೆ. ಅವರ ಆಟವನ್ನು ಅವರ ಆಟದಿಂದಲೇ ಅಳೆಯಬೇಕು. ಈ ವಿಷಯದಲ್ಲಿ ರಾಜಿ ಇಲ್ಲ.

ಕಾಲದ ವ್ಯತ್ಯಾಸವೂ ದೊಡ್ಡದು. 2017ರ ವಿಶ್ವಕಪ್ ಫೈನಲ್ ಗೆಲ್ಲಲು ಇಂಗ್ಲೆಂಡಿಗೆ 228 ಸಾಕಾಯಿತು. 2025ರ ಅಕ್ಟೋಬರ್ 12ರಂದು ವಿಶಾಖಪಟ್ಟಣದಲ್ಲಿ ಭಾರತದ 330ನ್ನು ಆಸ್ಟ್ರೇಲಿಯಾ ಬೆನ್ನಟ್ಟಿ ದಾಖಲೆ ಮಾಡಿತು. ಅದೇ ತಿಂಗಳ 30ರಂದು ವಿಶ್ವಕಪ್ ಸೆಮಿಫೈನಲ್‌ನಲ್ಲಿ ಅದೇ ಆಸ್ಟ್ರೇಲಿಯಾದ 338ನ್ನು ಭಾರತ ಬೆನ್ನಟ್ಟಿ ಆ ದಾಖಲೆಯನ್ನು ಅಳಿಸಿತು. ಹಾಗಾಗಿ ಪ್ರತಿ ಪಂದ್ಯಕ್ಕೂ ಅದರ ಆಸುಪಾಸಿನ ವರ್ಷಗಳ ಪಂದ್ಯಗಳಿಗೆ ಹೆಚ್ಚು ತೂಕ, ದೂರದವುಗಳಿಗೆ ಕಡಿಮೆ ತೂಕ ಕೊಡುವ ವ್ಯವಸ್ಥೆ ಮಾಡಿದೆ.

ಎರಡು ಕೋಷ್ಟಕಗಳು

ಮೊದಲ ಇನಿಂಗ್ಸ್‌ಗೆ ಒಂದು ಕೋಷ್ಟಕ. ಅಡ್ಡಕ್ಕೆ ಬಿದ್ದ ವಿಕೆಟ್‌ಗಳು, ಉದ್ದಕ್ಕೆ ಉಳಿದ ಎಸೆತಗಳು. ಪ್ರತಿ ಮನೆಯಲ್ಲಿ, ಆ ಸ್ಥಿತಿಯಿಂದ ಇನಿಂಗ್ಸ್ ಮುಗಿಯುವವರೆಗೆ ತಂಡಗಳು ಸರಾಸರಿ ಎಷ್ಟು ರನ್ ಗಳಿಸಿವೆ ಎಂಬ ಸಂಖ್ಯೆ. ಇದನ್ನು ಬಾಕಿ ರನ್ ಎಂದು ಕರೆಯುತ್ತೇನೆ. ಒಂದು ಎಸೆತದ ಬೆಲೆ ಹೀಗೆ: ಆ ಎಸೆತದಲ್ಲಿ ಬಂದ ರನ್, ಅದಕ್ಕೆ ಎಸೆತದ ನಂತರದ ಬಾಕಿ ರನ್ ಕೂಡಿಸಿ, ಎಸೆತದ ಮೊದಲಿನ ಬಾಕಿ ರನ್ ಕಳೆಯುವುದು. ಬಂದದ್ದು ಬ್ಯಾಟರ್‌ಗೆ, ಅದರ ಚಿಹ್ನೆ ಬದಲಿಸಿದರೆ ಬೌಲರ್‌ಗೆ.

ಉದಾಹರಣೆಗೆ, 40 ಎಸೆತ ಉಳಿದಿದ್ದು 2 ವಿಕೆಟ್ ಬಿದ್ದಿರುವಾಗ ಬಾಕಿ ರನ್ 52 ಎಂದಿಟ್ಟುಕೊಳ್ಳಿ. ಮುಂದಿನ ಎಸೆತ ಡಾಟ್ (ರನ್ ಬಾರದ ಎಸೆತ) ಆದರೆ ಬಾಕಿ 51ಕ್ಕೆ ಇಳಿಯುತ್ತದೆ. ಬ್ಯಾಟರ್ ಒಂದು ರನ್ ಕಳೆದುಕೊಂಡಳು. ಅದೇ ಎಸೆತದಲ್ಲಿ ವಿಕೆಟ್ ಬಿದ್ದು ಬಾಕಿ 44ಕ್ಕೆ ಇಳಿದರೆ ಬೌಲರ್‌ಗೆ 8. ಕೊನೆಯ ಓವರ್‌ನಲ್ಲಿ ಎಂಟನೆಯ ವಿಕೆಟ್ ಕಿತ್ತರೆ ಒಂದೆರಡು ರನ್ ಅಷ್ಟೇ. ವಿಕೆಟ್‌ಗೆ ಬೇರೆ ಬೆಲೆ ಕಟ್ಟುವ ಅಗತ್ಯವೇ ಬೀಳುವುದಿಲ್ಲ, ಸ್ಥಿತಿಯೇ ಕಟ್ಟಿಕೊಡುತ್ತದೆ.

ಹಲವು ಮನೆಗಳಲ್ಲಿ ಪಂದ್ಯಗಳೇ ಸಾಲುವುದಿಲ್ಲ. ಹತ್ತನೆಯ ಓವರ್‌ಗೆ 7 ವಿಕೆಟ್ ಕಳೆದುಕೊಂಡ ತಂಡಗಳು ಎಷ್ಟಿದ್ದಾವು? ಅಂತಹ ಕಡೆ ಒಂದು ವಿಚಿತ್ರ ಇನಿಂಗ್ಸ್ ಮನೆಯ ಸಂಖ್ಯೆಯನ್ನೇ ಕೆಡಿಸುತ್ತದೆ. ಅಕ್ಕಪಕ್ಕದ ಮನೆಗಳ ಸರಾಸರಿ ಬೆರೆಸಿ ನಯಗೊಳಿಸಿದೆ, ಮೇಲೆ ಎರಡು ಕಟ್ಟಳೆ ಹಾಕಿದೆ: ಹೆಚ್ಚು ವಿಕೆಟ್ ಬಿದ್ದರೆ ಬಾಕಿ ರನ್ ಎಂದೂ ಏರಬಾರದು, ಎಸೆತ ಕಡಿಮೆಯಾದರೂ ಏರಬಾರದು. ಮಳೆಯಿಂದ ಇನಿಂಗ್ಸ್ ನಡುವೆ ಓವರ್ ಕಡಿತವಾದ ಪಂದ್ಯಗಳನ್ನು ಕೋಷ್ಟಕ ಕಟ್ಟಲು ಬಳಸಲಿಲ್ಲ. ಆರಂಭದಲ್ಲಿಯೇ ಕಡಿತವಾದವು ಪರವಾಗಿಲ್ಲ. ಹರ್ಮನ್‌ಪ್ರೀತ್ ಕೌರ್ 115 ಎಸೆತಗಳಲ್ಲಿ 171 ಹೊಡೆದ 2017ರ ಸೆಮಿಫೈನಲ್ 42 ಓವರ್‌ಗಳದ್ದು, ಅದು ಒಳಗೆ ಇದೆ.

ಎರಡನೆಯ ಇನಿಂಗ್ಸ್‌ಗೆ ಈ ಕೋಷ್ಟಕ ಸಾಲದು. ಅಲ್ಲಿ ಗುರಿ ಕಣ್ಣೆದುರು ಇರುತ್ತದೆ. ಗೆಲ್ಲಲು 2 ಬೇಕಿರುವಾಗ ಹೊಡೆದ ಸಿಕ್ಸರ್‌ಗೂ ಓಡಿದ ಎರಡಕ್ಕೂ ಒಂದೇ ಬೆಲೆ. ಲಾರ್ಡ್ಸ್‌ನ 2017ರ ಫೈನಲ್‌ನಲ್ಲಿ ಭಾರತ 3 ವಿಕೆಟ್‌ಗೆ 191. 43 ಎಸೆತಗಳಲ್ಲಿ 38 ರನ್ ಬೇಕು, ಏಳು ವಿಕೆಟ್ ಕೈಯಲ್ಲಿವೆ. 86 ಹೊಡೆದಿದ್ದ ಪೂನಂ ರಾವತ್ ಔಟಾದರು, ಅಲ್ಲಿಂದ 219ಕ್ಕೆ ಎಲ್ಲ ಮುಗಿಯಿತು, 9 ರನ್‌ಗಳ ಸೋಲು. ಇಂಗ್ಲೆಂಡಿನ ಆನ್ಯ ಶ್ರಬ್‌ಸೋಲ್ 46 ರನ್‌ಗೆ 6 ವಿಕೆಟ್. ರನ್ ಲೆಕ್ಕದಲ್ಲಿ ಆ ಕೊನೆಯ ವಿಕೆಟ್‌ಗಳು ಚಿಕ್ಕವು, ಏಕೆಂದರೆ ಉಳಿದ ಎಸೆತಗಳೇ ಕಡಿಮೆ. ಗೆಲುವಿನ ಲೆಕ್ಕದಲ್ಲಿ ಅವೇ ವಿಶ್ವಕಪ್. ಆದ್ದರಿಂದ ಎರಡನೆಯ ಕೋಷ್ಟಕದಲ್ಲಿ ಗೆಲುವಿನ ಸಾಧ್ಯತೆ ಇದೆ: ಬೇಕಾದ ರನ್, ಉಳಿದ ಎಸೆತ, ಕೈಯಲ್ಲಿರುವ ವಿಕೆಟ್ ಈ ಮೂರರಿಂದ ಲಾಜಿಸ್ಟಿಕ್ ರಿಗ್ರೆಶನ್ (ಹಳೆಯ ಪಂದ್ಯಗಳ ಫಲಿತಾಂಶದಿಂದ ಸಾಧ್ಯತೆಯನ್ನು ಅಂದಾಜು ಮಾಡುವ ವಿಧಾನ) ಮೂಲಕ ಪಡೆದದ್ದು. ಪ್ರತಿ ಎಸೆತ ಆ ಸಾಧ್ಯತೆಯನ್ನು ಎಷ್ಟು ಏರಿಸಿತು, ಎಷ್ಟು ಇಳಿಸಿತು ಎಂಬುದೇ ಅದರ ಬೆಲೆ. ಎರಡೂ ಲೆಕ್ಕಗಳನ್ನು ಪಟ್ಟಿಯಲ್ಲಿ ಬೇರೆ ಬೇರೆ ಅಂಕಣಗಳಾಗಿಯೇ ಇಟ್ಟಿದ್ದೇನೆ. ಒಂದೇ ಸಂಖ್ಯೆಯಾಗಿ ಕಲಸಿದರೆ ನೋಡಲು ಅಚ್ಚುಕಟ್ಟು, ಆದರೆ ಯಾರು ಏಕೆ ಮೇಲಿದ್ದಾರೆ ಎಂಬುದು ಮರೆಯಾಗುತ್ತದೆ.

ಪರೀಕ್ಷೆ

ಪರೀಕ್ಷೆಗೆ ಆರಿಸಿಕೊಂಡದ್ದು ಆರ್‌ಸಿಬಿ ಮತ್ತು ಡೆಲ್ಲಿ ಕ್ಯಾಪಿಟಲ್ಸ್ ನಡುವಿನ 2024ರ ಮಾರ್ಚ್ 17ರ ಡಬ್ಲ್ಯುಪಿಎಲ್ ಫೈನಲ್. ಆರ್‌ಸಿಬಿ ಅಭಿಮಾನಿಗಳಿಗೆ ಬಾಯಿಪಾಠವಾಗಿರುವ ಪಂದ್ಯ. ಶ್ರೇಯಾಂಕಾ ಪಾಟೀಲ್ 12 ರನ್‌ಗೆ 4 ವಿಕೆಟ್, ಸೋಫಿ ಮೊಲಿನೂ 20 ರನ್‌ಗೆ 3. ಪಂದ್ಯಶ್ರೇಷ್ಠ ಪ್ರಶಸ್ತಿ ಮೊಲಿನೂಗೆ. ಸ್ಕೋರ್‌ಕಾರ್ಡ್ ಮಾತ್ರ ನೋಡಿದವರಿಗೆ ಇದು ಅನ್ಯಾಯ ಎನಿಸುತ್ತದೆ, ನಮ್ಮ ಹುಡುಗಿಯರಿಗೂ ಹಾಗೆಯೇ ಎನಿಸಿತ್ತು.

ಎಸೆತದ ಲೆಕ್ಕ ಬೇರೆ ಕಥೆ ಹೇಳುತ್ತದೆ. ಏಳು ಓವರ್ ಮುಗಿದಾಗ ಡೆಲ್ಲಿ ವಿಕೆಟ್ ನಷ್ಟವಿಲ್ಲದೆ 64. ಶಫಾಲಿ ವರ್ಮಾ 27 ಎಸೆತಗಳಲ್ಲಿ 44. ದೊಡ್ಡ ಮೊತ್ತದ ದಾರಿ ತೆರೆದಿತ್ತು. ಎಂಟನೆಯ ಓವರ್‌ನಲ್ಲಿ ಮೊಲಿನೂ ಶಫಾಲಿ, ಜೆಮಿಮಾ ರಾಡ್ರಿಗಸ್, ಆಲಿಸ್ ಕ್ಯಾಪ್ಸಿ ಮೂವರನ್ನೂ ಕಳುಹಿಸಿದರು. ಮೂರೂ ವಿಕೆಟ್ ಬಿದ್ದದ್ದು 64ರಲ್ಲಿಯೇ. ಬಾಕಿ ರನ್ ಅಂಕಣ ಆ ಓವರ್‌ನಲ್ಲಿ ಕುಸಿದಷ್ಟು ಇಡೀ ಇನಿಂಗ್ಸ್‌ನಲ್ಲಿ ಇನ್ನೆಲ್ಲಿಯೂ ಕುಸಿಯುವುದಿಲ್ಲ. ಶ್ರೇಯಾಂಕಾ ಅವರ ವಿಕೆಟ್‌ಗಳಲ್ಲಿ ನಾಯಕಿ ಮೆಗ್ ಲ್ಯಾನಿಂಗ್ ಅವರದು ಬೆಲೆಯುಳ್ಳದ್ದು, ಉಳಿದವು ಕೆಳ ಕ್ರಮಾಂಕದವು. ನನ್ನ ಪಟ್ಟಿಯಲ್ಲಿಯೂ ಮೊಲಿನೂ ಮೇಲೆ, ಶ್ರೇಯಾಂಕಾ ಅವರ ಬೆನ್ನಿಗೆ. ಡೆಲ್ಲಿ 113ಕ್ಕೆ ಆಲೌಟಾಯಿತು, ಆರ್‌ಸಿಬಿ ಎಂಟು ವಿಕೆಟ್‌ಗಳಿಂದ ಗೆದ್ದಿತು.

ಇದನ್ನು ತೋರಿಸಿದಾಗ ನಮ್ಮಲ್ಲಿ ಸ್ಕೋರ್ ಬರೆಯುವ ಹುಡುಗಿ, ಬಿ.ಎಸ್ಸಿ. ಓದುತ್ತಿರುವವಳು, ಕೇಳಿದಳು: "ಮೇಡಂ, ಹಾಗಾದರೆ ಬಾಲಂಗೋಚಿಗಳಿಗೆ ಬೌಲ್ ಮಾಡಲು ಇಳಿದವಳ ತಪ್ಪೇನು? ಚೆಂಡು ಕೊಟ್ಟವರು ನಾಯಕಿ ತಾನೇ?" ಸರಿಯಾದ ಪ್ರಶ್ನೆ. ಅದಕ್ಕೇ ಮೂರನೆಯ ಅಂಕಣ ಸೇರಿತು: ಸ್ಥಿತಿಯ ತೂಕವಿಲ್ಲದ ಶುದ್ಧ ಕೌಶಲದ ಅಂಕ, ಎದುರಿದ್ದ ಬ್ಯಾಟರ್‌ನ ಸಾಮರ್ಥ್ಯಕ್ಕೆ ಹೊಂದಿಸಿದ್ದು. ಪಂದ್ಯ ಗೆಲ್ಲಿಸಿದವರು ಯಾರು ಎಂಬುದು ಒಂದು ಪ್ರಶ್ನೆ, ಚೆನ್ನಾಗಿ ಆಡಿದವರು ಯಾರು ಎಂಬುದು ಇನ್ನೊಂದು. ಆಯ್ಕೆಗೆ ಕೂತವರಿಗೆ ಎರಡನೆಯದೇ ಮುಖ್ಯ.

ಒಂದು ಪಂದ್ಯದ ಅಂಕದಿಂದ ಆಟಗಾರ್ತಿಯ ಒಟ್ಟು ಅಂಕಕ್ಕೆ ಹೋಗುವಾಗ ಕಡಿವಾಣ ಬೇಕು. ದಕ್ಷಿಣ ಆಫ್ರಿಕಾ ವಿರುದ್ಧ 2025ರ ನವೆಂಬರ್ 2ರ ವಿಶ್ವಕಪ್ ಫೈನಲ್‌ನಲ್ಲಿ ಶಫಾಲಿ 87 ರನ್ ಹೊಡೆದದ್ದಲ್ಲದೆ 7 ಓವರ್ ಬೌಲಿಂಗ್ ಮಾಡಿ ಸುನೆ ಲೂಸ್ ಮತ್ತು ಮರಿಜಾನ್ ಕ್ಯಾಪ್ ಅವರನ್ನು ಔಟ್ ಮಾಡಿದರು. ಆ ದಿನದ ಅಂಕ ಪೂರ್ತಿ ಅವರದೇ. ಆದರೆ 42 ಎಸೆತಗಳ ಬಲದಿಂದ ಅವರನ್ನು ದೀಪ್ತಿ ಶರ್ಮಾ ಅವರ ಪಕ್ಕ ಬೌಲರ್ ಎಂದು ಕೂರಿಸಲಾಗದು. ದೀಪ್ತಿ ಆ ಫೈನಲ್‌ನಲ್ಲಿ 39ಕ್ಕೆ 5, ಇಡೀ ಟೂರ್ನಿಯಲ್ಲಿ 22 ವಿಕೆಟ್ ಪಡೆದವರು. ಆದ್ದರಿಂದ ಪ್ರತಿಯೊಬ್ಬರ ಖಾತೆಗೂ ಸರಾಸರಿ ಮಟ್ಟದ ಒಂದಿಷ್ಟು ಕಾಲ್ಪನಿಕ ಎಸೆತಗಳನ್ನು ಮೊದಲೇ ತುಂಬಿಸುತ್ತೇನೆ. ಕಡಿಮೆ ಆಡಿದವರ ಅಂಕ ಸರಾಸರಿಯ ಹತ್ತಿರ ಉಳಿಯುತ್ತದೆ. ಆಡುತ್ತ ಹೋದಂತೆ ಕಾಲ್ಪನಿಕ ಎಸೆತಗಳ ಪ್ರಭಾವ ಕರಗುತ್ತದೆ.

ಕಣ್ಣಿಗೆ ಕಂಡರೂ ಕಡತಕ್ಕೆ ಬಾರದ್ದು

ಫೀಲ್ಡಿಂಗ್ ಈ ಕೆಲಸದ ಅತ್ಯಂತ ಕಷ್ಟದ ಭಾಗ. 2025ರ ಅದೇ ವಿಶ್ವಕಪ್ ಫೈನಲ್‌ನಲ್ಲಿ ಅಮನ್‌ಜೋತ್ ಕೌರ್ ನೇರ ಎಸೆತದಿಂದ ತಜ್ಮಿನ್ ಬ್ರಿಟ್ಸ್ ಅವರನ್ನು ರನೌಟ್ ಮಾಡಿದರು. ಮುಂದೆ 101 ಹೊಡೆದಿದ್ದ ಲಾರಾ ವೊಲ್ವಾರ್ಟ್ ಅವರ ಕ್ಯಾಚನ್ನು ಕೈಯಿಂದ ಕೈಗೆ ಜಾರಿಸಿ ಕೊನೆಗೂ ಹಿಡಿದರು. ಈ ಎರಡೂ ಕಡತದಲ್ಲಿ ಇವೆ, ಏಕೆಂದರೆ ವಿಕೆಟ್ ಬಿದ್ದಿತು. ರನೌಟ್‌ನ ಪೂರ್ತಿ ಬೆಲೆ ಫೀಲ್ಡರ್‌ಗೆ, ಕ್ಯಾಚ್‌ನ ಒಂದು ಪಾಲು ಫೀಲ್ಡರ್‌ಗೆ, ಸ್ಟಂಪಿಂಗ್‌ನ ಅರ್ಧ ಕೀಪರ್‌ಗೆ ಎಂದು ಹಂಚಿದ್ದೇನೆ. ಆದರೆ ಬಿಟ್ಟ ಕ್ಯಾಚ್ ಕಡತದಲ್ಲಿ ಬರಿಯ ಡಾಟ್ ಅಥವಾ ಒಂದು ರನ್. ಆಸ್ಟ್ರೇಲಿಯಾ ವಿರುದ್ಧದ ಸೆಮಿಫೈನಲ್‌ನಲ್ಲಿ ಜೆಮಿಮಾ 82ರಲ್ಲಿದ್ದಾಗ ಅಲಿಸಾ ಹೀಲಿ ಕ್ಯಾಚ್ ಬಿಟ್ಟರು. ಜೆಮಿಮಾ ಔಟಾಗದೆ 127ಕ್ಕೆ ಹೋಗಿ ಪಂದ್ಯ ಗೆಲ್ಲಿಸಿದರು. ಆ ಪಂದ್ಯದ ಅತಿ ದುಬಾರಿ ಕ್ಷಣಗಳಲ್ಲಿ ಒಂದಕ್ಕೆ ನನ್ನ ಕೋಷ್ಟಕ ಕುರುಡು.

ಅಂತರರಾಷ್ಟ್ರೀಯ ಪಂದ್ಯಗಳಿಗೆ ಇದನ್ನು ನಾನು ಸರಿಪಡಿಸಲಾರೆ. ನಮ್ಮ ಮೈದಾನದಲ್ಲಿ ಸರಿಪಡಿಸಬಹುದು, ಸರಿಪಡಿಸಿದ್ದೇವೆ. ಸ್ಕೋರ್ ಪುಸ್ತಕದ ಜೊತೆಗೆ ಅರ್ಧ ಹಾಳೆಯ ಒಂದು ಚೀಟಿ. ಎಡಕ್ಕೆ ಹನ್ನೊಂದು ಹೆಸರು. ಮುಂದೆ ಐದು ಮನೆ: ಹಿಡಿದದ್ದು, ಬಿಟ್ಟದ್ದು, ತಡೆದದ್ದು, ಕಾಲಡಿ ಜಾರಿದ್ದು, ವಿಕೆಟ್‌ಗೆ ನೇರ ಎಸೆದದ್ದು. ಹಿಡಿದ ಮತ್ತು ಬಿಟ್ಟ ಕ್ಯಾಚ್‌ಗೆ ಪಕ್ಕದಲ್ಲಿ ಸುಲಭ, ಸಾಮಾನ್ಯ, ಕಷ್ಟ ಎಂದು ಸು, ಸಾ, ಕ ಎಂಬ ಅಕ್ಷರ. ಸ್ಕೋರ್ ಬರೆಯುವವಳು ತಲೆ ತಗ್ಗಿಸಿರುವಾಗ ಮೈದಾನ ನೋಡಲಾರಳು, ಆದ್ದರಿಂದ ಚೀಟಿ ಹಿಡಿಯುವವಳು ಬೇರೆಯೇ. ಫೀಲ್ಡಿಂಗ್ ಮಾಡುತ್ತಿರುವ ತಂಡದ ಹುಡುಗಿಗೆ ಅದನ್ನು ಕೊಡುವುದಿಲ್ಲ. ಗೆಳತಿಯ ತಪ್ಪು ಬರೆಯಲು ಕೈ ಹಿಂಜರಿಯುತ್ತದೆ.

ನಮ್ಮಲ್ಲಿ ಮ್ಯಾಟ್ ಪಿಚ್. ಗಾಳಿಗೆ ಅಂಚು ಏಳದಂತೆ ಮೊಳೆ ಹೊಡೆದು ಬಿಗಿದರೂ ಮಧ್ಯಾಹ್ನಕ್ಕೆ ಸಡಿಲಾಗುತ್ತದೆ, ಪುಟಿತ ಬದಲಾಗುತ್ತದೆ. ಔಟ್‌ಫೀಲ್ಡ್ ಒಣಗಿ ಬಿರುಸಾಗಿರುವುದರಿಂದ ಅಂತರಕ್ಕೆ ಹೊಡೆದ ಚೆಂಡು ಸೀದಾ ಗೆರೆ ದಾಟುತ್ತದೆ. ಒಂದು ಬದಿಗೆ ಕಾಂಪೌಂಡ್ ಗೋಡೆ ಇರುವುದರಿಂದ ಗೆರೆಯೂ ಹತ್ತಿರ. ಡಬ್ಲ್ಯುಪಿಎಲ್‌ನ ಕೋಷ್ಟಕ ಇಲ್ಲಿಗೆ ನಡೆಯುವುದಿಲ್ಲ. ಅದರ ಆಕಾರ ಮಾತ್ರ ಉಳಿಸಿಕೊಂಡು, ನಮ್ಮದೇ ಮೈದಾನದ ಸರಾಸರಿ ಮೊತ್ತಕ್ಕೆ ತಕ್ಕಂತೆ ಎಲ್ಲ ಮನೆಗಳನ್ನು ಹಿಗ್ಗಿಸಿ ಕುಗ್ಗಿಸುತ್ತೇನೆ. ವೈಡ್‌ಗಳ ಪ್ರಮಾಣ ಇಲ್ಲಿ ಹೆಚ್ಚು, ಅದಕ್ಕೂ ಬೇರೆ ಹೊಂದಾಣಿಕೆ ಇದೆ.

ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ಹುಡುಗಿಯರು ಬಸ್ ಹಿಡಿಯಲು ಪಂದ್ಯ ಮುಗಿಯುವ ಮೊದಲೇ ಹೊರಡಬೇಕಾಗುತ್ತದೆ. ಅವರ ಜಾಗಕ್ಕೆ ಬದಲಿ ಫೀಲ್ಡರ್ ಬರುತ್ತಾಳೆ. ಆದ್ದರಿಂದ ಫೀಲ್ಡಿಂಗ್ ಅಂಕವನ್ನು ಪಂದ್ಯಕ್ಕೆ ಇಷ್ಟು ಎಂದಲ್ಲ, ಮೈದಾನದಲ್ಲಿದ್ದ ಓವರ್‌ಗೆ ಇಷ್ಟು ಎಂದು ಲೆಕ್ಕ ಹಾಕುತ್ತೇವೆ. ಚೀಟಿಯ ಅಂಚಿನಲ್ಲಿ ಒಳಬಂದ ಓವರ್, ಹೊರಹೋದ ಓವರ್ ಬರೆಯುತ್ತೇವೆ. ದೂರದಿಂದ ಬರುವವರು ಪಟ್ಟಿಯಲ್ಲಿ ಕೆಳಗೆ ಬೀಳುವುದು ಇದರಿಂದ ನಿಂತಿತು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟ ಬದಲಾವಣೆ ಇದು.

ಪಟ್ಟಿ ಬಂದ ಮೇಲೆ ಕೋಚ್ ಸರ್ ಮೊದಲು ನೋಡಿದ್ದು ಮೇಲಿನ ಹೆಸರುಗಳನ್ನಲ್ಲ. ಆರನೆಯ, ಏಳನೆಯ ಸ್ಥಾನದ ಬ್ಯಾಟರ್‌ಗಳನ್ನು. "ಇವರಿಗೆ ಎಸೆತಗಳೇ ಸಿಕ್ಕಿಲ್ಲವಲ್ಲ ಮೇಡಂ, ಅಂಕ ಸರಾಸರಿಯಲ್ಲೇ ನಿಂತಿದೆ" ಎಂದರು. ನಿಜ. ಕಾಲ್ಪನಿಕ ಎಸೆತಗಳು ಅವರನ್ನು ಹಿಡಿದಿಟ್ಟಿವೆ. ಅವರ ಬಗ್ಗೆ ಪಟ್ಟಿಗೆ ಇನ್ನೂ ಏನೂ ಗೊತ್ತಿಲ್ಲ. ಈಗ ಅಭ್ಯಾಸ ಪಂದ್ಯಗಳಲ್ಲಿ ಬ್ಯಾಟಿಂಗ್ ಕ್ರಮವನ್ನು ತಿರುವು ಹಾಕುತ್ತಿದ್ದಾರೆ. ಕಡಿಮೆ ಎಸೆತ ಆಡಿದವರು ಮೊದಲು ಇಳಿಯುತ್ತಾರೆ. ಯಾರಿಗೆ ಎಷ್ಟು ಎಸೆತ ಬಾಕಿ ಎಂಬ ಅಂಕಣವನ್ನು ಪಟ್ಟಿಯ ಮೊದಲಿಗೆ ತಂದಿದ್ದೇನೆ. ಕೀಪರ್‌ಗಳಿಗೆ ಬಿಟ್ಟ ಬೈ ರನ್‌ಗಳನ್ನು ಮ್ಯಾಟಿನ ಪುಟಿತಕ್ಕೆ ಹೊಂದಿಸಿ ಅಳೆಯುವ ಕೆಲಸ ಇನ್ನೂ ಬಾಕಿ ಇದೆ. ಅದಕ್ಕಾಗಿ ಚೀಟಿಯಲ್ಲಿ ಆರನೆಯ ಮನೆಯೊಂದನ್ನು ಗೆರೆ ಎಳೆದು ಇಟ್ಟಿದ್ದೇವೆ.